ನಂಬಿಕೆ ಒಂದು, ಗೊತ್ತಿಲ್ಲ ಅನ್ನುವುದು ಇನ್ನೊಂದು

ಕೇಳುಗರಿಗೆಲ್ಲ ನಮಸ್ಕಾರ.

ದೇವರು ಇದ್ದಾನಾ ಅಂತ ಯಾರನ್ನಾದರೂ ಕೇಳಿ. ಕೆಲವರು ಇದ್ದಾನೆ ಅಂತಾರೆ, ಕೆಲವರು ಇಲ್ಲ ಅಂತಾರೆ. ನಡುವೆ ಒಬ್ಬರು ಮೆಲ್ಲಗೆ 'ಗೊತ್ತಿಲ್ಲಪ್ಪ' ಅಂದರೆ ಮುಗೀತು, ಎರಡೂ ಕಡೆಯವರು ಅವರ ಮೇಲೆ ಬೀಳುತ್ತಾರೆ. ಆಸ್ತಿಕರ ಕಣ್ಣಿಗೆ ಅವರು ನಾಸ್ತಿಕ, ನಾಸ್ತಿಕರ ಕಣ್ಣಿಗೆ ಪುಕ್ಕಲ. ಪಾಪ, ಅವರು ಹೇಳಿದ್ದು ತಮಗೆ ಎಷ್ಟು ತಿಳಿದಿದೆ ಅಂತ. ಏನನ್ನು ನಂಬುತ್ತೇನೆ ಅಂತ ಇನ್ನೂ ಹೇಳಿಯೇ ಇರಲಿಲ್ಲ. ದಿನಾ ದೀಪ ಹಚ್ಚಿ ಕೈಮುಗಿಯುವವರೂ 'ಕಂಡವರು ಯಾರು' ಅನ್ನಬಹುದು. ಅದರಲ್ಲಿ ವಿರೋಧವೇನೂ ಇಲ್ಲ.

ಋಗ್ವೇದದ ಹತ್ತನೇ ಮಂಡಲದ ನಾಸದೀಯ ಸೂಕ್ತ ಈ ವಿಷಯದಲ್ಲಿ ತುಂಬ ಧೈರ್ಯದ್ದು. ಈ ಸೃಷ್ಟಿ ಎಲ್ಲಿಂದ ಬಂತು ಅಂತ ಕೇಳುತ್ತಾ ಹೋಗುತ್ತದೆ. ಕೊನೆಗೆ, ಮೇಲೆ ಇದ್ದು ಇದನ್ನೆಲ್ಲ ನೋಡುವವನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದೇ ಇರಬಹುದು ಅಂದು ನಿಲ್ಲಿಸಿಬಿಡುತ್ತದೆ. ಮಧ್ವಾಚಾರ್ಯರದು ಬೇರೆ ದಾರಿ. ಅಲ್ಲಿ 'ಇರಬಹುದು' ಇಲ್ಲ. ವಿಷ್ಣು ಒಬ್ಬನೇ ಸ್ವತಂತ್ರ, ಜೀವರೆಲ್ಲ ಅವನ ಅಧೀನ. ಹಾಗಂತ ಜೀವ ಕೈಕಟ್ಟಿ ಕೂತಿದೆ ಅಂತಲ್ಲ. ಮಾಡುವುದು ಜೀವವೇ, ಮಾಡುವ ಶಕ್ತಿ ಹರಿ ಕೊಟ್ಟದ್ದು. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಒಂದು ಕಡೆ ಅನುಮಾನವನ್ನು ಅನುಮಾನ ಅಂತಲೇ ಹೇಳಿದ್ದಾರೆ, ಇನ್ನೊಂದು ಕಡೆ ಸಿದ್ಧಾಂತವನ್ನು ಸಿದ್ಧಾಂತ ಅಂತಲೇ ಹೇಳಿದ್ದಾರೆ. ನನಗೆ ಎರಡೂ ಇಷ್ಟ.

ತಕರಾರು ಇರುವುದು ನಂಬಿಕೆಗೆ ಪುರಾವೆಯ ಅಂಗಿ ತೊಡಿಸುವವರ ಬಗ್ಗೆ. ವಿಜ್ಞಾನದ ಹೆಸರಿನಲ್ಲಿ ಮಾತಾಡುವವರೂ ಇದರಲ್ಲಿ ಹಿಂದೆ ಬಿದ್ದಿಲ್ಲ.

ನಾವು ಮಾಡುವುದನ್ನು ನಾವೇ ನಿರ್ಧರಿಸುತ್ತೇವಾ ಅನ್ನುವ ಪ್ರಶ್ನೆಯನ್ನೇ ತಗೊಳ್ಳಿ. 1983ರಲ್ಲಿ ಅಮೆರಿಕದ ಮಿದುಳು ವಿಜ್ಞಾನಿ ಬೆಂಜಮಿನ್ ಲಿಬೆಟ್ ಈ ಬಗ್ಗೆ ಒಂದು ಪ್ರಯೋಗ ಪ್ರಕಟಿಸಿದರು. ಜನರ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಕೂರಿಸಿದ್ದರು. ಎದುರಿಗೆ ಗಡಿಯಾರದಂಥ ಒಂದು ಪರದೆ. ಅದರಲ್ಲಿ ಒಂದು ಚುಕ್ಕೆ ಎರಡೂವರೆ ಸೆಕೆಂಡಿಗೊಂದು ಸುತ್ತು ಹಾಕುತ್ತಿತ್ತು. ನಿಮಗೆ ಮನಸ್ಸು ಬಂದಾಗ ಕೈ ಆಡಿಸಿ, ಮನಸ್ಸು ಬಂದ ಕ್ಷಣದಲ್ಲಿ ಚುಕ್ಕೆ ಎಲ್ಲಿತ್ತು ಅಂತ ಹೇಳಿ, ಅಷ್ಟೇ ಕೆಲಸ. ಮನಸ್ಸು ಬಂತು ಅಂತ ಜನ ಹೇಳಿದ್ದು ಕೈ ಅಲುಗುವ ಸುಮಾರು 200 ಮಿಲಿಸೆಕೆಂಡು ಮುಂಚೆ. ಮಿದುಳಿನಲ್ಲಿ ವಿದ್ಯುತ್ತಿನ ಏರಿಕೆ ಶುರುವಾಗಿದ್ದು ಸುಮಾರು 550 ಮಿಲಿಸೆಕೆಂಡು ಮುಂಚೆ! ಅಂದರೆ 'ನಾನು ನಿರ್ಧರಿಸಿದೆ' ಅನ್ನಿಸುವ ಹೊತ್ತಿಗೆ ಒಳಗೆ ಏನೋ ಆಗಲೇ ಹೊರಟಿತ್ತು.

ನೋಡಿ, ಸ್ವಂತ ಇಚ್ಛೆ ಅನ್ನೋದು ಬರೀ ಭ್ರಮೆ ಅಂತ ಎಷ್ಟೋ ಜನ ತೀರ್ಪು ಕೊಟ್ಟೇಬಿಟ್ಟರು. ಲಿಬೆಟ್ ಮಾತ್ರ ಅಷ್ಟು ದೂರ ಹೋಗಲಿಲ್ಲ. ಕೊನೇ ಗಳಿಗೆಯಲ್ಲಿ 'ಬೇಡ' ಅನ್ನುವ ಅವಕಾಶ ನಮಗಿದೆ ಅಂತ ಅವರ ಅಭಿಪ್ರಾಯ. 2012ರಲ್ಲಿ ಆರನ್ ಶುರ್ಗರ್ ಅನ್ನುವ ವಿಜ್ಞಾನಿ ಮತ್ತು ಸಂಗಡಿಗರು ಅದೇ ಏರಿಕೆಗೆ ಬೇರೆ ವಿವರಣೆ ಕೊಟ್ಟರು. ಮಿದುಳಿನಲ್ಲಿ ಏರಿಳಿತ ಸದಾ ಇದ್ದದ್ದೇ. ಅದು ಒಂದು ಮಟ್ಟ ದಾಟಿದಾಗ ಕೈ ಅಲುಗುತ್ತದೆ. ಕೈ ಅಲುಗಿದ ಗಳಿಗೆಯಿಂದ ಹಿಂದಕ್ಕೆ ಎಣಿಸಿ ಸರಾಸರಿ ತೆಗೆದರೆ, ನಿರ್ಧಾರ ಮೊದಲೇ ಶುರುವಾದ ಹಾಗೆ ಕಾಣುತ್ತದೆ ಅಂದರು. ಚರ್ಚೆ ಇನ್ನೂ ನಡೀತಾ ಇದೆ. ಇಚ್ಛೆ ಭ್ರಮೆ ಅಂತ ನಂಬುವವರು ಧಾರಾಳವಾಗಿ ನಂಬಲಿ. ಪ್ರಯೋಗದಿಂದ ಸಾಬೀತಾಗಿದೆ ಅಂದರೆ ಮಾತ್ರ ಅದು ಜಾಸ್ತಿಯಾಯಿತು.

ನಮ್ಮ ಹಿರಿಯರು ನಂಬಿಕೆ, ಅನುಮಾನ ಎರಡನ್ನೂ ಎಷ್ಟು ಸಲೀಸಾಗಿ ನಿಭಾಯಿಸುತ್ತಾರೆ ಅಂತ ನೋಡಬೇಕಾದರೆ ಆಸ್ಪತ್ರೆಗೆ ಹೋಗಬೇಕು. ಆಪರೇಷನ್ನಿನ ಹಿಂದಿನ ಸಂಜೆ. ಅಜ್ಜನ ಕೈಗೆ ಒಪ್ಪಿಗೆ ಪತ್ರ ಬರುತ್ತದೆ. 'ಎಲ್ಲ ಸರಿ ಹೋಗುತ್ತಾ ಡಾಕ್ಟ್ರೇ?' ಅಂತ ಕೇಳುತ್ತಾರೆ. 'ಹೋಗಬಹುದು ಯಜಮಾನರೇ, ಖಾತ್ರಿ ಅಂತ ಹೇಳೋಕಾಗಲ್ಲ' ಅಂತಾರೆ ಡಾಕ್ಟರು. ಅಜ್ಜ ಕನ್ನಡಕ ಸರಿಮಾಡಿಕೊಂಡು, 'ಆಯ್ತು, ಮೇಲಿನವನು ಕೈಬಿಡಲ್ಲ' ಅಂದು, ಪಕ್ಕದಲ್ಲಿದ್ದ ಮಗನಿಗೆ ಹೇಳುತ್ತಾರೆ, 'ಪೆನ್ನು ಕೊಡೋ'. ಡಾಕ್ಟರ ಅನುಮಾನವನ್ನು ಅವರು ಅಲ್ಲಗಳೆಯಲಿಲ್ಲ. ದೇವರ ಮೇಲಿನ ನಂಬಿಕೆಯನ್ನು ಡಾಕ್ಟರ ಮಾತಿಗೆ ಎದುರುತ್ತರವಾಗಿಯೂ ಬಳಸಲಿಲ್ಲ. ಎರಡನ್ನೂ ಅವುಗಳ ಜಾಗದಲ್ಲಿ ಇಟ್ಟು, ಸಹಿ ಹಾಕಿದರು.

ಆ ಸಹಿ ಅವರದೇ ಆಯ್ಕೆಯಾ, ಮೊದಲೇ ಬರೆದಿಟ್ಟದ್ದಾ? ಅವರದೇ ಅಂತ ನಾನು ನಂಬುತ್ತೇನೆ. ಗೊತ್ತಾ ಅಂತ ನೀವು ಕೇಳಿದರೆ, ಇಲ್ಲ, ಗೊತ್ತಿಲ್ಲ.

ನಮಸ್ಕಾರ.