ಹಸಿರು ಗುರುತು ಬಂತು, ಆಮೇಲೆ?

ಕೇಳುಗರಿಗೆ ನಮಸ್ಕಾರ. ಸಾಫ್ಟ್‌ವೇರ್ ಕೆಲಸಕ್ಕೆ ಈಗಷ್ಟೇ ಸೇರಿದ ಹುಡುಗ ಹುಡುಗಿಯರಿಗೆ ಆಟೊಮೇಷನ್ ಟೆಸ್ಟಿಂಗ್, ಅಂದರೆ ಸ್ಕ್ರಿಪ್ಟ್ ಎಂಬ ಸಣ್ಣ ಪ್ರೋಗ್ರಾಂ ಬರೆದು ಯಂತ್ರದಿಂದಲೇ ಸಾಫ್ಟ್‌ವೇರ್ ಪರೀಕ್ಷೆ ಮಾಡಿಸುವುದರ ಬಗ್ಗೆ ಒಂದೇ ಮಾತು ಹೇಳಬೇಕು: ಯಂತ್ರ ನೀವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ.

ಲಾಭ ದೊಡ್ಡದೇ. ಬ್ಯಾಂಕ್ ಆ್ಯಪ್‌ನಲ್ಲಿ ಬಡ್ಡಿ ಲೆಕ್ಕದ ಒಂದು ಸಾಲು ಬದಲಾಯಿತು ಅನ್ನಿ. ಲಾಗಿನ್‌ನಿಂದ ಹಣ ವರ್ಗಾವಣೆಯವರೆಗೆ ಎಲ್ಲವನ್ನೂ ಮತ್ತೆ ನೋಡಬೇಕು. ಕೈಯಲ್ಲಿ ಮಾಡಿದರೆ ದಿನಗಟ್ಟಲೆ ಹಿಡಿಯುತ್ತದೆ, ಮೂರನೇ ಸಲಕ್ಕೆ ಕಣ್ಣು ಸೋಲುತ್ತದೆ. ಸ್ಕ್ರಿಪ್ಟ್‌ಗೆ ಬೇಸರವಿಲ್ಲ; ರಾತ್ರಿ ಓಡಿಸಿದರೆ ಬೆಳಿಗ್ಗೆ ವರದಿ ಸಿದ್ಧ: ಪಾಸ್ ಆದರೆ ಹಸಿರು, ಫೇಲ್ ಆದರೆ ಕೆಂಪು.

ಆದರೆ ಕೇಳದೇ ಬಿಟ್ಟದ್ದು? 1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಸಲ ಮೇಲೆದ್ದಿತು. ಅದರ ದಿಕ್ಕು ಅಳೆಯುವ ಸಾಫ್ಟ್‌ವೇರ್ ಏರಿಯಾನ್ 4ರಿಂದ ಬಂದದ್ದು, ಅಲ್ಲಿ ಸಲೀಸಾಗಿ ನಡೆದದ್ದು. ಅಡ್ಡವೇಗಕ್ಕೆ ಸಂಬಂಧಿಸಿದ 64 ಬಿಟ್ ಸಂಖ್ಯೆಯೊಂದನ್ನು ಅದು 16 ಬಿಟ್‌ಗೆ ಇಳಿಸುತ್ತಿತ್ತು. 16 ಬಿಟ್‌ನಲ್ಲಿ ಹಿಡಿಸುವುದು 32,767ರವರೆಗೆ. ಹಳೆಯ ರಾಕೆಟ್ ಅಲ್ಲಿಯವರೆಗೆ ಹೋಗುತ್ತಲೇ ಇರಲಿಲ್ಲ. ಹೊಸದರ ಅಡ್ಡವೇಗ ಹೆಚ್ಚು, ಸಂಖ್ಯೆ ಆ ಮಿತಿ ದಾಟಿಬಿಟ್ಟಿತು, ದಿಕ್ಕು ಅಳೆಯುವ ಉಪಕರಣ ನಿಂತುಹೋಯಿತು. ಅದು ಕೆಟ್ಟರೆ ಇರಲಿ ಎಂದು ಇಟ್ಟಿದ್ದ ಎರಡನೇ ಉಪಕರಣದಲ್ಲೂ ಅದೇ ಸಾಫ್ಟ್‌ವೇರ್; ಆ ಎರಡನೆಯದು ಇನ್ನೂ ಮೊದಲೇ ನಿಂತುಹೋಗಿತ್ತು. ಸುಮಾರು 40 ಸೆಕೆಂಡಿನಲ್ಲಿ ರಾಕೆಟ್ಟೂ ಅದರೊಳಗಿದ್ದ 4 ಕ್ಲಸ್ಟರ್ ಉಪಗ್ರಹಗಳೂ ಚೂರುಚೂರು. ಸಂಕಟವೆಂದರೆ, ಆ ಲೆಕ್ಕ ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ. ಏರಿಯಾನ್ 5ರ ಹಾರಾಟದ ಅಂಕಿ ಕೊಟ್ಟು ಆ ಉಪಕರಣವನ್ನು ಯಾರೂ ಪರೀಕ್ಷಿಸಿರಲಿಲ್ಲ. ಕೇಳಲಿಲ್ಲ, ಅದು ಹೇಳಲಿಲ್ಲ.

ಸಮಯ ಕಮ್ಮಿ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್‌ಗಳನ್ನು ದಯವಿಟ್ಟು ಸಾಕಿಕೊಳ್ಳಬೇಡಿ. ಒಂದೊಂದು ಟೆಸ್ಟ್ ಸಾವಿರಕ್ಕೊಮ್ಮೆ ಸುಮ್ಮನೆ ಫೇಲ್ ಎಂದು ಸುಳ್ಳು ಹೇಳಿದರೂ, 500 ಟೆಸ್ಟ್‌ಗಳ ಕಂತೆಯನ್ನು ನೂರು ಸಲ ಓಡಿಸಿದರೆ ಸುಮಾರು 39 ಸಲ ಕೆಂಪು ತೋರಿಸುತ್ತದೆ. ಆಮೇಲೆ ನಿಜವಾದ ಕೆಂಪನ್ನೂ ಯಾರೂ ನೋಡುವುದಿಲ್ಲ. ‘5 ಸೆಕೆಂಡ್ ಕಾಯಿ’ ಎಂದು ಬರೆಯುವ ಚಾಳಿ ಅನೇಕ ಸಲ ಇಂಥ ಸುಳ್ಳಿನ ಮೂಲ. ‘ಬಟನ್ ಒತ್ತಲು ಬರುವವರೆಗೆ ಕಾಯಿ, 10 ಸೆಕೆಂಡ್ ದಾಟಿದರೆ ಫೇಲ್’ ಎಂದು ಬರೆಯಿರಿ. ಬಟನ್ನನ್ನು ಪುಟದಲ್ಲಿ ಎಷ್ಟನೆಯದು ಎಂದು ಎಣಿಸಿ ಹುಡುಕಬೇಡಿ, ಅದಕ್ಕೊಂದು ಐಡಿ, ಅಂದರೆ ಕೋಡ್‌ನಲ್ಲಿ ಅದರದೇ ಗುರುತಿನ ಹೆಸರು ಕೊಡಿಸಿ.

ಇನ್ನು ಕನ್ನಡದ ಆ್ಯಪ್ ಮಾಡುವವರಿಗೆ. ‘ರದ್ದು’ ಎಂಬ ಬಟನ್‌ನ ಎತ್ತರ ಸಾಲದೆ ಕೆಳಗಿನ ಒತ್ತಕ್ಷರ ಕತ್ತರಿಸಿಹೋದರೆ ಓದುವವರಿಗೆ ಕಾಣುವುದು ‘ರದು’. ಅಕ್ಷರ ಹೋಲಿಸುವ ಟೆಸ್ಟ್ ಆಗಲೂ ಪಾಸ್, ಏಕೆಂದರೆ ಕೋಡ್‌ನಲ್ಲಿ ಪದ ಸರಿಯಾಗಿಯೇ ಇದೆ. ಹೆಸರಿನ ಜಾಗವನ್ನು ‘ರವಿ’ ಎಂದು ತುಂಬಿಸಿ ಮುಗಿಸಬೇಡಿ. ‘ಲಕ್ಷ್ಮೀನಾರಾಯಣ’ ನಮ್ಮ ಕಣ್ಣಿಗೆ 6 ಅಕ್ಷರ, ಒತ್ತು, ದೀರ್ಘಗಳನ್ನೂ ಬೇರೆಯಾಗಿ ಎಣಿಸುವ ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ 13. ಮಿತಿ 12 ಇಟ್ಟಿದ್ದರೆ ಕೊನೆಯ ‘ಣ’ ಹೋಯಿತು. ಆ ಹೆಸರನ್ನೇ ಇವತ್ತು ಸ್ಕ್ರಿಪ್ಟ್‌ಗೆ ಸೇರಿಸಿ, ಆದರೆ ಪರದೆಯನ್ನು ಕನ್ನಡ ಓದುವ ಒಬ್ಬರಿಗೆ ಕೊಟ್ಟು ಓದಿಸಿ.

ನಮಸ್ಕಾರ.