ಸಹಿ ಹಾಕುವ ಮೊದಲು ಒಮ್ಮೆ ನೋಡಿ

ಕೇಳುಗರಿಗೆ ನಮಸ್ಕಾರ.

ಪುಸ್ತಕದ್ದೆಲ್ಲ ಬಾಯಿಪಾಠ, ಆದರೆ ಡ್ರಿಪ್ ಹಾಕಲು ಹೋದರೆ ಕೈ ನಡುಗುತ್ತದೆ. ಹೊಸ ಡಾಕ್ಟರುಗಳ ಬಗ್ಗೆ ಇದು ಹಳೆಯ ದೂರು. ಅದಕ್ಕೇ 2019ರಲ್ಲಿ ದೇಶದ ಎಂಬಿಬಿಎಸ್ ಪಠ್ಯಕ್ರಮ ಬದಲಾಯಿತು. ಎಷ್ಟು ಗೊತ್ತು ಎನ್ನುವುದರ ಜೊತೆಗೆ ಏನು ಮಾಡಬಲ್ಲರು ಎನ್ನುವುದೂ ಲೆಕ್ಕಕ್ಕೆ ಬಂತು.

ಹಾಗಾದರೆ ಕಲಿಸುವವರೂ ಬದಲಾಗಬೇಕು, ಅಲ್ವಾ? ಅವರಿಗೂ ತರಬೇತಿ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್, ಬೆಳಗಾವಿಯ ಜೆ.ಎನ್. ಮೆಡಿಕಲ್ ಕಾಲೇಜುಗಳಲ್ಲಿ ಬೇರೆ ಕಾಲೇಜಿನ ಅಧ್ಯಾಪಕರಿಗೂ ಇದನ್ನು ಹೇಳಿಕೊಡುತ್ತಾರೆ.

ಹೊಸ ಕ್ರಮದಲ್ಲಿ ಮೊದಲು ಮೇಷ್ಟ್ರು ಮಾಡಿ ತೋರಿಸಬೇಕು. ವಿದ್ಯಾರ್ಥಿ ಗಮನಿಸಬೇಕು, ಆಮೇಲೆ ಕೈಜೋಡಿಸಬೇಕು, ಕೊನೆಗೆ ತಾನೇ ಮಾಡಬೇಕು. ಮೊದಲಿನದೆಲ್ಲ ಹೇಗೋ ನಡೆಯುತ್ತದೆ. ವಿದ್ಯಾರ್ಥಿ ತಾನೇ ಮಾಡುವ ಹೊತ್ತಿಗೆ ಮೇಷ್ಟ್ರು ಒಪಿಡಿಯಲ್ಲಿರುತ್ತಾರೆ. ಸಂಜೆ ಲಾಗ್‌ಬುಕ್ಕಿಗೆ, ಅಂದರೆ ವಿದ್ಯಾರ್ಥಿ ಏನೇನು ಮಾಡಿದ್ದು ಎಂದು ಬರೆದಿಡುವ ಪುಸ್ತಕಕ್ಕೆ, ಮೇಷ್ಟ್ರ ಸಹಿ ಬೀಳುತ್ತದೆ. ನೋಡದೆ ಹಾಕಿದ ಸಹಿ! ಒಪಿಡಿಯ ಸಾಲು ಕಂಡವರು ಅವರನ್ನು ಸುಮ್ನೆ ಬೈಯಲಾರರು, ಆದರೂ ಕಲಿಕೆ ಸೋರಿಹೋಗುವುದು ಇಲ್ಲೇ.

ಮೇಷ್ಟ್ರು ಇಡೀ ದಿನ ಪಕ್ಕದಲ್ಲಿ ನಿಲ್ಲಬೇಕಾಗಿಲ್ಲ. ಅಮೆರಿಕದಲ್ಲಿ ಶುರುವಾದ ಮಿನಿ-ಸಿಇಎಕ್ಸ್ ಎನ್ನುವ ಪದ್ಧತಿಯಲ್ಲಿ ಸುಮಾರು 15–20 ನಿಮಿಷ ಸಾಕು. ವಿದ್ಯಾರ್ಥಿ ನಿಜವಾದ ರೋಗಿಯನ್ನು ಪರೀಕ್ಷಿಸುತ್ತಾಳೆ. ಮೇಷ್ಟ್ರು ಬಾಯಿ ಹಾಕದೆ ನೋಡುತ್ತಾರೆ. ಕಷ್ಟ ಇರುವುದು ಆ ಬಾಯಿ ಹಾಕದೆ ಇರುವುದರಲ್ಲೇ!

ಆಮೇಲಿನ ಮಾತು ಇನ್ನೂ ಮುಖ್ಯ. "ಗುಡ್" ಎಂದರೆ ಅವಳಿಗೆ ಏನೂ ಸಿಗಲಿಲ್ಲ. "ಇಷ್ಟೂ ಬರಲ್ವಾ?" ಎಂದರೆ ರೋಗಿಯ ಮುಂದೆ ಮರ್ಯಾದೆ ಹೋಯಿತು, ಅಷ್ಟೇ. ಪಕ್ಕಕ್ಕೆ ಕರೆದು, "ನಿನಗೆ ಹೇಗನ್ನಿಸಿತು?" ಎಂದು ಮೊದಲು ಕೇಳಬೇಕು. ಮುಕ್ಕಾಲು ತಪ್ಪು ಅವಳೇ ಹೇಳುತ್ತಾಳೆ. ಆಮೇಲೆ ಕಂಡದ್ದನ್ನು ಹೇಳಬೇಕು: "ನೋವು ಎಲ್ಲಿದೆ ಎಂದು ಕೇಳದೆ ಹೊಟ್ಟೆ ಒತ್ತಿದೆ. ಅವರು ಬಿಗಿಹಿಡಿದರು, ನಿನಗೆ ಏನೂ ಸಿಗಲಿಲ್ಲ. ನಾಳೆ ಮೊದಲು ಕೇಳು, ನೋವಿಲ್ಲದ ಕಡೆಯಿಂದ ಶುರು ಮಾಡು, ಕೈಗಿಂತ ಜಾಸ್ತಿ ಅವರ ಮುಖ ನೋಡು." ಇದನ್ನು ಮರುದಿನವೇ ಮಾಡಬಹುದು. ಮೇಷ್ಟ್ರು ಮರುದಿನವೂ ಬಂದು ನೋಡಬೇಕು, ಇಲ್ಲದಿದ್ದರೆ ಹೇಳಿದ್ದು ಗಾಳಿಗೆ.

ತರಬೇತಿಯಲ್ಲಿ ಇದನ್ನು ಭಾಷಣ ಮಾಡಿ ಕಲಿಸಲಾಗದು. ಅಧ್ಯಾಪಕರೇ ಒಬ್ಬರು ವಿದ್ಯಾರ್ಥಿ, ಒಬ್ಬರು ಮೇಷ್ಟ್ರು ಆಗಿ ಮಾತಾಡಿ ನೋಡಬೇಕು. ಮೂರನೆಯವರು ಗಮನಿಸಿ ಹೇಳಬೇಕು. ಹಿರಿಯ ಪ್ರೊಫೆಸರುಗಳಿಗೆ ಆ ವಿದ್ಯಾರ್ಥಿಯ ಕುರ್ಚಿ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಇನ್ನೊಂದು ತೊಡಕಿದೆ. ತಿದ್ದುವ ಮೇಷ್ಟ್ರ ಕೈಯಲ್ಲೇ ಇಂಟರ್ನಲ್ ಅಂಕವೂ ಇರುತ್ತದೆ. ಹಾಗಿದ್ದಾಗ ಯಾರು ತಾನೇ "ನನಗೆ ಬರಲ್ಲ ಸಾರ್" ಎನ್ನುತ್ತಾರೆ? ಎರಡು ಕೆಲಸಕ್ಕೆ ಇಬ್ಬರನ್ನು ಇಡುವಷ್ಟು ಜನ ವಿಭಾಗದಲ್ಲಿ ಇಲ್ಲದಿದ್ದರೆ, "ಇವತ್ತು ಅಂಕ ಇಲ್ಲ" ಎಂದು ಮೊದಲೇ ಹೇಳಿಬಿಡಲಿ. ಆ ಮಾತಿಗೆ ತಪ್ಪದೆ ನಡೆಯಲಿ.

ನಮಸ್ಕಾರ.