ಕಪ್ಪೆಯ ಕಿವಿಯೊಳಗೆ ಒಂದು ಜೀವಮಾನ

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡೋಣ. ಒಂದು ಬೆರಳನ್ನು ಮುಖದ ಮುಂದೆ ಹಿಡಿದು ಬೇಗ ಬೇಗ ಅತ್ತಿತ್ತ ಆಡಿಸಿ. ಬೆರಳು ಮಸುಕಾಗುತ್ತದೆ. ಈಗ ಬೆರಳನ್ನು ಅಲುಗಾಡಿಸದೆ ಹಿಡಿದು, ಅಷ್ಟೇ ವೇಗದಲ್ಲಿ ತಲೆ ಆಡಿಸಿ. ಬೆರಳು ಚೆನ್ನಾಗಿ ಕಾಣುತ್ತದೆ, ಅಲ್ವಾ? ತಲೆ ತಿರುಗಿದ ಸುದ್ದಿಯನ್ನು ಒಳಕಿವಿ ತಕ್ಷಣ ಮುಟ್ಟಿಸುತ್ತದೆ. ಕಣ್ಣು ಅಷ್ಟೇ ದೂರ ಎದುರು ದಿಕ್ಕಿಗೆ ಹೊರಳುತ್ತದೆ.

ನನ್ನ ಮಾತು ನಿಮಗೆ ಕೇಳುತ್ತಿರುವುದೂ ಅದೇ ಒಳಕಿವಿಯಿಂದ. ಸದ್ದಿಗೆ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ, ಅದು ಕಾಕ್ಲಿಯಾ. ಸಮತೋಲಕ್ಕೆ ಬಾಗಿದ ಮೂರು ನಾಳಗಳು, ಎರಡು ಪುಟ್ಟ ಚೀಲಗಳು. ಜಾಗ ಬೇರೆ ಬೇರೆ. ಕೆಲಸ ಮಾಡುವ ಜೀವಕೋಶ ಮಾತ್ರ ಒಂದೇ ಜಾತಿಯದು. ನೆತ್ತಿಯ ಮೇಲೆ ಸಣ್ಣ ಕಡ್ಡಿಗಳ ಕಟ್ಟು ಹೊತ್ತಿರುವುದರಿಂದ ಅದಕ್ಕೆ ಕೂದಲುಕೋಶ ಎನ್ನುತ್ತಾರೆ. ಅವು ನಿಜವಾದ ಕೂದಲಲ್ಲ.

ಈ ಒಂದು ಕೋಶದ ಹಿಂದೆ ಬಿದ್ದು ಸುಮಾರು ಐವತ್ತು ವರ್ಷ ಕಳೆದವರು ವಿಜ್ಞಾನಿ ಎ. ಜೇಮ್ಸ್ ಹಡ್ಸ್‌ಪೆತ್. 1945ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಹುಟ್ಟಿದರು. ಹಾರ್ವರ್ಡ್‌ನಲ್ಲಿ ಓದಿದರು. ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ವಿದ್ಯಾಸಂಸ್ಥೆ, ಸ್ಯಾನ್ ಫ್ರಾನ್ಸಿಸ್ಕೊ, ಡಲ್ಲಾಸ್ ಸುತ್ತಿ, 1995ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯಕ್ಕೆ ಬಂದು ಅಲ್ಲೇ ನಿಂತರು. ಊರು ಬದಲಾದವು, ಕೋಶ ಬದಲಾಗಲಿಲ್ಲ.

ಆ ಕೋಶವನ್ನು ಅವರು ತೆಗೆದುಕೊಂಡದ್ದು ಎಲ್ಲಿಂದ? ಹೆಚ್ಚಾಗಿ ಬುಲ್‌ಫ್ರಾಗ್ ಎಂಬ ದೊಡ್ಡ ಕಪ್ಪೆಯ ಒಳಕಿವಿಯಿಂದ. ಅದರಲ್ಲೂ ಸ್ಯಾಕ್ಯುಲಸ್ ಎಂಬ ಚೀಲದಿಂದ. ಕಪ್ಪೆಗೆ ನೆಲದ ನಡುಕ ತಿಳಿಯುವುದು ಅದರಿಂದಲೇ. ಮನುಷ್ಯರ ಕಿವಿ ಬಿಟ್ಟು ಕಪ್ಪೆ ಯಾಕೆ ಅಂತ ನನಗೂ ಮೊದಲು ಅನ್ನಿಸಿತ್ತು. ನಮ್ಮ ಕಾಕ್ಲಿಯಾ ತಲೆಬುರುಡೆಯ ತೀರಾ ಗಟ್ಟಿ ಮೂಳೆಯೊಳಗೆ ಹುದುಗಿದೆ. ತೆರೆಯುವಷ್ಟರಲ್ಲಿ ಕೋಶಗಳು ಸತ್ತುಹೋಗುತ್ತವೆ. ಕಪ್ಪೆಯ ಕೋಶ ಗಟ್ಟಿ ಜೀವ. ಗಾಜಿನ ತಟ್ಟೆಯಲ್ಲಿ ಗಂಟೆಗಟ್ಟಲೆ ಬದುಕಿರುತ್ತದೆ.

1977ರಲ್ಲಿ ಹಡ್ಸ್‌ಪೆತ್ ಮತ್ತು ಡೇವಿಡ್ ಕೋರಿ ಮಾಡಿದ ಪ್ರಯೋಗ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಭಯಂಕರ ಕಷ್ಟ. ಸಣ್ಣ ಗಾಜಿನ ಕಡ್ಡಿಯಿಂದ ಕೂದಲ ಕಟ್ಟನ್ನು ತಳ್ಳುವುದು, ಇನ್ನೊಂದು ಸೂಜಿಯಿಂದ ಕೋಶದೊಳಗಿನ ವಿದ್ಯುತ್ತನ್ನು ಅಳೆಯುವುದು. ಉದ್ದನೆಯ ಕಡ್ಡಿಗಳ ಕಡೆಗೆ ತಳ್ಳಿದರೆ ಕೋಶ ಚುರುಕಾಯಿತು. ಎದುರು ದಿಕ್ಕಿಗೆ ತಳ್ಳಿದರೆ ತಣ್ಣಗಾಯಿತು. ಅಡ್ಡಕ್ಕೆ ತಳ್ಳಿದರೆ ಏನೂ ಇಲ್ಲ.

ಆಮೇಲೆ ಅವರು ವೇಗ ಅಳೆದರು. ತಳ್ಳಿದ ಮೇಲೆ ಉತ್ತರ ಬರುವುದಕ್ಕೆ ಹಿಡಿದದ್ದು ಸುಮಾರು 40 ಮೈಕ್ರೋಸೆಕೆಂಡ್, ಅಂದರೆ ಒಂದು ಸೆಕೆಂಡಿನ ಇಪ್ಪತ್ತೈದು ಸಾವಿರದಲ್ಲಿ ಒಂದು ಪಾಲು. ನನಗೆ ಇಡೀ ಕತೆಯಲ್ಲಿ ತುಂಬ ಇಷ್ಟವಾದದ್ದು ಈ ಅಂಕಿ. ಕಣ್ಣಿನಲ್ಲಿ ಬೆಳಕು ಬಿದ್ದ ಮೇಲೆ ರಾಸಾಯನಿಕಗಳ ಒಂದು ಸಾಲೇ ಓಡಬೇಕು. ಕಿವಿಯಲ್ಲಿ ಅಷ್ಟಕ್ಕೆಲ್ಲ ಪುರುಸೊತ್ತಿಲ್ಲ. ಅಂದರೆ ನಡುವೆ ಯಾವ ದಳ್ಳಾಳಿಯೂ ಇಲ್ಲ. ಕಡ್ಡಿ ಬಾಗಿದಾಗ ಏನೋ ಒಂದು ಎಳೆದು, ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು, ಒಳಬರುವ ಬಾಗಿಲನ್ನು ನೇರವಾಗಿ ತೆರೆಯುತ್ತಿರಬೇಕು. 1984ರಲ್ಲಿ ಜೇಮ್ಸ್ ಪಿಕಲ್ಸ್ ಮತ್ತು ಜೊತೆಗಾರರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಎಳೆಗಳು ಇದಕ್ಕೆ ಸರಿಯಾಗಿ ಕೂತವು. ಗಿಡ್ಡ ಕಡ್ಡಿಯ ತುದಿಯಿಂದ ಪಕ್ಕದ ಉದ್ದ ಕಡ್ಡಿಗೆ ಕಟ್ಟಿದ ದಾರಗಳು ಅವು.

ಬಾಗಿಲು ತೆರೆಯುವುದನ್ನು ಕೈಯಲ್ಲೇ ಮುಟ್ಟಿ ನೋಡಿದಂಥ ಕೆಲಸ 1988ರದ್ದು. ಜೊನಾಥನ್ ಹೋವರ್ಡ್ ಜೊತೆ ಸೇರಿ ಕಟ್ಟಿನ ಬಿಗಿ ಅಳೆದರು. ಬಾಗಿಲುಗಳು ತೆರೆಯುವ ಹಂತದಲ್ಲಿ ಕಟ್ಟು ಮೆತ್ತಗಾಗುತ್ತಿತ್ತು. ಬಿಗಿಯಾಗಿ ಕೂತ ಚಿಲಕವನ್ನು ಒತ್ತುತ್ತಾ ಇರುತ್ತೀರಿ, ಅದು ಬಿಟ್ಟ ಕೂಡಲೇ ಕೈ ಸಡಿಲಾಗುತ್ತದಲ್ಲ, ಹಾಗೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಗ್ಯೋರ್ಗ್ ಫಾನ್ ಬೇಕೆಶಿ ಕಾಕ್ಲಿಯಾದಲ್ಲಿ ಅಲೆ ಹರಿಯುವುದನ್ನು ತೋರಿಸಿ 1961ರಲ್ಲಿ ನೊಬೆಲ್ ಪಡೆದರು. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಅವರು ನೋಡಿದ್ದು ಹೆಚ್ಚಾಗಿ ಸತ್ತವರ ಕಿವಿಗಳನ್ನು. ಬದುಕಿರುವ ಕಿವಿ ಸುಮ್ನೆ ಸದ್ದು ಹಿಡಿದು ಕೂರುವುದಿಲ್ಲ, ತಾನೂ ಶಕ್ತಿ ಹಾಕಿ ಸದ್ದನ್ನು ಹಿಗ್ಗಿಸುತ್ತದೆ ಅಂತ ಥಾಮಸ್ ಗೋಲ್ಡ್ 1948ರಲ್ಲೇ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ! 1978ರಲ್ಲಿ ಡೇವಿಡ್ ಕೆಂಪ್ ಕಿವಿಯಿಂದಲೇ ಹೊರಗೆ ಬರುವ ಸದ್ದನ್ನು ಅಳೆದ ಮೇಲೆ ಮಾತು ಬದಲಾಯಿತು. ಈಗ ನವಜಾತ ಶಿಶುಗಳ ಶ್ರವಣ ಪರೀಕ್ಷೆಗೆ ಆ ಸದ್ದನ್ನೇ ಬಳಸುತ್ತಾರೆ.

ಆ ಶಕ್ತಿ ಬರುವುದು ಎಲ್ಲಿಂದ? ಸಸ್ತನಿಗಳ ಹೊರಸಾಲಿನ ಕೂದಲುಕೋಶಗಳು ಮೈಯನ್ನೇ ಕುಗ್ಗಿಸಿ ಹಿಗ್ಗಿಸುತ್ತವೆ. ಕಪ್ಪೆಗೆ ಅದಿಲ್ಲ. ಆದರೂ 1999ರಲ್ಲಿ ಪಾಸ್ಕಲ್ ಮಾರ್ಟಿನ್ ಮತ್ತು ಹಡ್ಸ್‌ಪೆತ್ ನೋಡಿದಾಗ, ಕಪ್ಪೆಯ ಕೂದಲ ಕಟ್ಟು ಯಾರೂ ಮುಟ್ಟದೆ ತನ್ನಷ್ಟಕ್ಕೆ ತೂಗುತ್ತಿತ್ತು. ಮೆಲ್ಲಗೆ ತಳ್ಳಿದರೆ ಆ ತೂಗಾಟಕ್ಕೆ ತನ್ನ ಬಲವನ್ನೂ ಸೇರಿಸುತ್ತಿತ್ತು. ನಮ್ಮಲ್ಲಿ ಕಟ್ಟಿನ ಪಾಲೆಷ್ಟು, ಮೈಯ ಪಾಲೆಷ್ಟು ಅನ್ನುವ ಜಗಳ ತುಂಬ ವರ್ಷ ನಡೆಯಿತು. ಹಡ್ಸ್‌ಪೆತ್‌ಗೆ ಕಟ್ಟಿನ ಮೇಲೆ ಒಲವು ಸ್ವಲ್ಪ ಜಾಸ್ತಿಯೇ ಇತ್ತು ಅಂತ ನನ್ನ ಅನಿಸಿಕೆ. ಅಷ್ಟು ವರ್ಷ ಅದನ್ನೇ ತಳ್ಳುತ್ತಾ ಕೂತವರಿಗೆ ಇರದೆ ಇರುತ್ತದೆಯೇ?

ಇನ್ನೊಂದು ವಿಷಯ ಅವರನ್ನು ಕಾಡುತ್ತಿತ್ತು. ನಮ್ಮ ಒಂದೊಂದು ಕಾಕ್ಲಿಯಾದಲ್ಲಿ ಇರುವುದು ಸುಮಾರು 16,000 ಕೂದಲುಕೋಶ ಅಷ್ಟೇ. ಜೋರು ಸದ್ದು, ಕೆಲವು ಔಷಧಿ, ವಯಸ್ಸು ಇವುಗಳಿಂದ ಅವು ಸಾಯುತ್ತವೆ. ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಲ್ಲಿ, ಮೀನುಗಳಲ್ಲಿ ಹುಟ್ಟುತ್ತವೆ. ನಮ್ಮಲ್ಲಿ ಯಾಕಿಲ್ಲ ಎಂದು ಅವರ ಪ್ರಯೋಗಾಲಯವೂ ಹುಡುಕುತ್ತಿತ್ತು.

2018ರಲ್ಲಿ ರಾಬರ್ಟ್ ಫೆಟಿಪ್ಲೇಸ್, ಕ್ರಿಸ್ಟೀನ್ ಪೆಟಿ ಜೊತೆ ಅವರಿಗೆ ನಾರ್ವೆಯ ಕಾವ್ಲಿ ವಿಜ್ಞಾನ ಪ್ರಶಸ್ತಿ ಬಂತು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಕೆಲಸ ನಿಲ್ಲಿಸಲಿಲ್ಲ. ಜರ್ಬಿಲ್ ಅನ್ನುವ ಪುಟ್ಟ ದಂಶಕ ಪ್ರಾಣಿಯ ಕಾಕ್ಲಿಯಾದ ಒಂದು ಚೂರನ್ನು ದೇಹದ ಹೊರಗೆ ಬದುಕಿಸಿಟ್ಟು, ಸದ್ದನ್ನು ಅದು ಹಿಗ್ಗಿಸುವುದನ್ನು ಅವರ ತಂಡ ನೇರವಾಗಿ ನೋಡಿತು. ಕಪ್ಪೆಯಿಂದ ಶುರುವಾದ ಹುಡುಕಾಟ ಕೊನೆಗೆ ಸಸ್ತನಿಯ ಕಾಕ್ಲಿಯಾಕ್ಕೂ ಬಂದು ಮುಟ್ಟಿತ್ತು. ಆ ಫಲಿತಾಂಶ ಪ್ರಕಟವಾದದ್ದು 2025ರಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು.